ಸಕ್ಕರೆಯೂ ಶುಗರೂ

ನಮ್ಮ ಆಡುಮಾತಿಗೆ ತನ್ನದೇ ಆದ ಒಂದು ವಿವೇಕವಿದೆ. ಪರಭಾಷೆಯಿಂದ ಒಂದು ಪದವನ್ನು ಎರವಲು ತಂದಾಗ ಅದನ್ನು ಮನೆಯ ಪದದ ಪಕ್ಕದಲ್ಲಿ ಸುಮ್ಮನೆ ಕೂಡಿಸಿ ಊಟ ಹಾಕುವುದಿಲ್ಲ. ಅದಕ್ಕೊಂದು ಬೇರೆ ಕೆಲಸ ಹಚ್ಚುತ್ತದೆ. 'ಸಕ್ಕರೆ' ಎಂಬುದು ಸಂಸ್ಕೃತದ 'ಶರ್ಕರಾ' ಶಬ್ದದಿಂದ ಪ್ರಾಕೃತದ ಹಾದಿ ಹಿಡಿದು ನಮ್ಮಲ್ಲಿಗೆ ಬಂದ ಮಾತು. ಮರಳು, ಸಣ್ಣ ಹರಳುಗಲ್ಲು ಎಂಬುದು ಅದರ ಹಳೆಯ ಅರ್ಥ. ಅದೇ ಮಾತು ಪಾರಸಿ ಅರಬ್ಬಿಗಳ ನಾಡನ್ನು ದಾಟಿ, ಯೂರೋಪನ್ನು ಸುತ್ತಿ, ಇಂಗ್ಲಿಷರ ಬಾಯಲ್ಲಿ 'ಶುಗರ್' ಆಗಿ, ಹಡಗೇರಿ ಮತ್ತೆ ತವರಿಗೆ ಬಂತು. ಎಂದೋ ಅಗಲಿದ್ದ ಅಕ್ಕತಂಗಿಯರು ಒಂದೇ ಮನೆಯಲ್ಲಿ ಸೇರಿದಂತಾಯಿತು. ಕನ್ನಡ ಅವರಿಬ್ಬರಿಗೂ ಪಾಲು ಹಂಚಿಕೊಟ್ಟ ಬಗೆಯನ್ನು ನೋಡಿ: ಡಬ್ಬದಲ್ಲಿರುವುದು ಸಕ್ಕರೆ, ಮೈಯಲ್ಲಿರುವುದು ಶುಗರ್. 'ಸಕ್ಕರೆ ಎಷ್ಟು ಹಾಕಲಿ?' ಎಂದು ಕೇಳಿದರೆ ಅದು ಉಪಚಾರ, 'ಶುಗರ್ ಎಷ್ಟಿದೆ?' ಎಂದು ಕೇಳಿದರೆ ಅದು ಅನುತಾಪ. 'ನಮ್ಮ ಮಾವನವರಿಗೆ ಶುಗರ್ ಇದೆ' ಎಂದು ಯಾರಾದರೂ ಹೇಳಿದರೆ, ಆ ಮಾವನವರು ಬಹಳ ಸವಿಯಾದ ಮನುಷ್ಯರಿರಬೇಕೆಂದು ಯಾರೂ ತಿಳಿಯುವುದಿಲ್ಲ.

ಕನ್ನಡ ಪಾಠ ಹೇಳುವ ನಾನು ಇದನ್ನು ರೂಢಿಯ ಚಮತ್ಕಾರವೆಂದು ಮೆಚ್ಚಿ ಅಷ್ಟಕ್ಕೇ ಬಿಡಬಹುದಾಗಿತ್ತು. ಆದರೆ ಈ ಪಾಲುಪಟ್ಟಿಗೆ ರಸಾಯನಶಾಸ್ತ್ರವೂ ರುಜು ಹಾಕುತ್ತದೆ. ಡಬ್ಬದ ಸಕ್ಕರೆ ಗಿಡದ ಸೊತ್ತು. ಅದರ ಶಾಸ್ತ್ರೀಯ ನಾಮಧೇಯ ಸುಕ್ರೋಸ್. ನಮ್ಮ ರಕ್ತದಲ್ಲಿ ಹರಿಯುವ ಶುಗರ್ ಗ್ಲೂಕೋಸ್. ಎರಡೂ ಸಿಹಿ, ಎರಡೂ ಬಿಳುಪು. ಆದರೂ ಒಂದರ ಕೆಲಸಕ್ಕೆ ಇನ್ನೊಂದು ಒದಗದು. ಕನ್ನಡ ಮೇಷ್ಟ್ರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನಾಗಿ ಆ ಕಡೆಗೆ ಹೋದವನಲ್ಲ. ನಮ್ಮ ತಂದೆಯವರ ಒಂದು ಪ್ರಶ್ನೆ ನನ್ನನ್ನು ಅಲ್ಲಿಗೆ ಅಟ್ಟಿತು.

ನಮ್ಮದು ಮಂಡ್ಯದ ಕಡೆಯ ಒಕ್ಕಲು ಮನೆತನ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ತಲೆಯೆತ್ತಿದ ಮೇಲೆ, ಆ ಸೀಮೆಯ ರಾಗಿ ಹುರುಳಿಯ ಹೊಲಗಳೆಷ್ಟೋ ಕಬ್ಬಿನ ಗದ್ದೆಗಳಾದವು. ನಮ್ಮ ಅಜ್ಜ ಕಬ್ಬು ನೆಟ್ಟರು. ಅಪ್ಪ ನಲವತ್ತು ವರ್ಷ ಅದನ್ನೇ ಬೆಳೆದರು. ನನ್ನ ಓದು, ಅಕ್ಕಂದಿರ ಮದುವೆ, ಮನೆಗೆ ಹೊದಿಸಿದ ಹೆಂಚು, ಎಲ್ಲಕ್ಕೂ ಹಣ ಕೊಟ್ಟದ್ದು ಕಬ್ಬೇ. ಕೆಲವು ವರ್ಷ ಅದು ಕಾರ್ಖಾನೆಗೆ ಹೋಗುತ್ತಿತ್ತು, ಕೆಲವು ವರ್ಷ ಊರಿನ ಆಲೆಮನೆಗೆ. ಗಾಣದಿಂದ ಬಿದ್ದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಏಳುವ ವಾಸನೆ ಇಂದಿಗೂ ನನಗೆ ಬಾಲ್ಯದ ವಾಸನೆ.

ಅಂಥ ಅಪ್ಪನಿಗೆ ಅರುವತ್ತು ದಾಟುವ ಹೊತ್ತಿಗೆ ಶುಗರ್ ಬಂತು. ಬಂದು ಹತ್ತು ವರ್ಷ ಅವರೊಂದಿಗೆ ಸದ್ದಿಲ್ಲದೆ ಇತ್ತು. ಒಂದು ಮಳೆಗಾಲ, ಕಟಾವಾದ ಗದ್ದೆಯಲ್ಲಿ ಓಡಾಡುವಾಗ ಕಬ್ಬಿನ ಕೂಳೆ ಕಾಲಿಗೆ ಚುಚ್ಚಿತು. ಪಾದಗಳ ಅರಿವು ಆ ವೇಳೆಗಾಗಲೇ ಮಂದವಾಗಿದ್ದುದರಿಂದ ಅವರಿಗೆ ನೋವು ತಿಳಿಯಲಿಲ್ಲ; ಗಾಯ ಮಾಯಲೂ ಇಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಕಿರುಬೆರಳು ಕಪ್ಪಿಟ್ಟಿತ್ತು. ಬೆರಳನ್ನು ಉಳಿಸಲು ಹೋದರೆ ಪಾದ ಹೋದೀತು ಎಂದರು ವೈದ್ಯರು. ಬೆರಳನ್ನು ತೆಗೆದರು. ಮೂರನೆಯ ದಿನ, ಸಕ್ಕರೆಯಿಲ್ಲದ ಕಾಫಿಯನ್ನು ಮುಖ ಸಿಂಡರಿಸಿ ಕುಡಿದು ಲೋಟ ಕೆಳಗಿಟ್ಟು ಅಪ್ಪ ಕೇಳಿದರು: "ಅಲ್ಲ ಕಣಪ್ಪಾ, ಕಬ್ಬಿನ ಮೈ ತುಂಬ ಸಕ್ರೆನೇ ಐತೆ. ಅದು ಹಸ್ರಾಗಿ ನಿಂತಿರ್ತದೆ, ಅದಕ್ಕೇನೂ ಆಗಾಕಿಲ್ಲ. ನನ್ ಮೈಯಾಗೆ ಒಂದ್ ಚಮ್ಚ ಜಾಸ್ತಿ ಆದ್ರೆ ಬೆರಳ್ಯಾಕೆ ಕೊಳೀತದೆ?"

ಇದು ರೋಗಿಯ ಗೊಣಗಾಟವಲ್ಲ, ರೈತನ ಪ್ರಶ್ನೆ. 'ಒಂದು ಚಮಚ' ಎಂದು ಅವರು ಬಾಯಿಗೆ ಬಂದಂತೆ ಹೇಳಿದ್ದೂ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ವಯಸ್ಕನ ಮೈಯಲ್ಲಿರುವ ರಕ್ತ ಸುಮಾರು ಐದು ಲೀಟರು. ಅದರಲ್ಲಿ ಲೀಟರಿಗೆ ಒಂದು ಗ್ರಾಮಿನಂತೆ ಒಟ್ಟು ಐದು ಗ್ರಾಮು ಗ್ಲೂಕೋಸ್. ಚಹಾ ಕಲಕುವ ಚಮಚದಲ್ಲಿ ಒಂದು ಚಮಚ! ಹಸಿದ ಹೊಟ್ಟೆಯಲ್ಲಿ ನೂರು ಮಿಲಿಲೀಟರು ರಕ್ತದಲ್ಲಿ 100 ಮಿಲಿಗ್ರಾಮಿನೊಳಗೆ ಇದ್ದರೆ ಆರೋಗ್ಯ. ಮತ್ತೆ ಮತ್ತೆ 126ನ್ನು ಮುಟ್ಟಿದರೆ ಕಾಯಿಲೆ. ಎರಡರ ನಡುವೆ ಇರುವ ಅಂತರ, ಇಡೀ ಮೈಗೆ ಲೆಕ್ಕ ಹಾಕಿದರೂ, ಒಂದೂ ಕಾಲು ಗ್ರಾಮು. ಅತ್ತ ಕಬ್ಬಿನ ಹಾಲಿನಲ್ಲಿ ನೂರಕ್ಕೆ 12ರಿಂದ 15 ಪಾಲು ಸಕ್ಕರೆ. ಬೀದಿಬದಿಯಲ್ಲಿ ಕುಡಿಯುವ ಒಂದು ಲೋಟ ಕಬ್ಬಿನ ಹಾಲಿನಲ್ಲಿ, ಕುಡಿಯುವವನ ರಕ್ತದಲ್ಲಿರುವುದರ ಐದಾರು ಪಟ್ಟು ಸಿಹಿ ಇರುತ್ತದೆ. ಗಿಡಕ್ಕೆ ಭಾಗ್ಯವಾದದ್ದು ನಮಗೆ ಏಕೆ ಶಾಪವಾಗಬೇಕು?

ಈ ಪ್ರಶ್ನೆಯನ್ನು ಹೊತ್ತು ನಾನು ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರ ಬಳಿಗೆ ಹೋದೆ. ಅವರು ನಕ್ಕು, "ಮೇಷ್ಟ್ರೇ, ಇದು ನಿಮ್ಮ ವ್ಯಾಕರಣದ ವಿಷಯವೇ. ಅಕ್ಷರ ಒಂದೇ, ಸಮಾಸ ಬೇರೆ" ಎಂದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಗ್ಲೂಕೋಸಿನ ಅಣು ಆರು ಇಂಗಾಲದ ಒಂದು ಸಣ್ಣ ಸರಪಳಿ. ಅದು ಸಾಮಾನ್ಯವಾಗಿ ತನ್ನ ತುದಿಯನ್ನು ತಾನೇ ಹಿಡಿದುಕೊಂಡು ಉಂಗುರವಾಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಉಂಗುರ ಬಿಚ್ಚುತ್ತದೆ. ಬಿಚ್ಚಿದಾಗ ಹೊರಚಾಚುವ ಆ ತುದಿ ಅದರ ಕೈ ಎನ್ನೋಣ. ಹಲಸಿನ ಹಣ್ಣು ಬಿಡಿಸಿದ ಮೇಲೆ ಎಣ್ಣೆ ಹಚ್ಚಿ ಒರಸಿಕೊಳ್ಳದ ಕೈಯಂತೆ ಅದು; ಎದುರಿಗೆ ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಅದರಲ್ಲೂ ನಮ್ಮ ದೇಹವನ್ನು ಕಟ್ಟಿರುವ ಪ್ರೋಟೀನುಗಳನ್ನು ಕಂಡರೆ ಅದಕ್ಕೆ ಬಲು ಮೋಹ. ಇನ್ನು ಗಿಡದ ಸಕ್ಕರೆ? ಅದರಲ್ಲಿ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಜೊತೆಗೂಡಿವೆ. ಫ್ರಕ್ಟೋಸಿಗೂ ಅಂಥದೇ ಒಂದು ಅಂಟುಗೈ. ಸ್ವಾರಸ್ಯವಿರುವುದು ಇಲ್ಲಿ: ಅವೆರಡೂ ಒಂದರ ಅಂಟುಗೈಯನ್ನು ಇನ್ನೊಂದು ಹಿಡಿದುಕೊಂಡಿವೆ. ಗಿಡಮರ, ಕೆರೆಕಟ್ಟೆ ಎಂಬ ದ್ವಂದ್ವಸಮಾಸಗಳಲ್ಲಿ ಎರಡು ಪದಗಳೂ ಸಮಾನವಾಗಿ ಕೂಡಿ ನಿಲ್ಲುವಂತೆ ಈ ಜೋಡಿ. ಎರಡು ಕೈಗಳೂ ಒಂದರೊಳಗೊಂದು ಸೇರಿಹೋಗಿರುವುದರಿಂದ ಮೂರನೆಯವರನ್ನು ಹಿಡಿಯಲು ಕೈ ಉಳಿದಿಲ್ಲ. ಆದ್ದರಿಂದ ಸುಕ್ರೋಸ್ ಬಲು ಸಂಭಾವಿತ. ಅದನ್ನು ಎಷ್ಟು ಗಾಢವಾಗಿ ತುಂಬಿದರೂ ಗಿಡದ ನಾಳಗಳಿಗೆ ಅಂಟಿಕೊಂಡು ಕೆಡುಕು ಮಾಡುವುದಿಲ್ಲ.

ಬಿಸಿಲಿನಲ್ಲಿ ಎಲೆ ಅಡುಗೆ ಮಾಡುತ್ತದೆ; ಕತ್ತಲಲ್ಲಿರುವ ಬೇರು ಉಣ್ಣಬೇಕು. ಗಿಡಕ್ಕೆ ಹೃದಯವಿಲ್ಲ; ರಸ ನಿಧಾನವಾಗಿ ಇಳಿಯುತ್ತದೆ. ಎಲೆಯಿಂದ ಹೊರಟದ್ದು ದಾರಿಯಲ್ಲಿ ಯಾರ ತಂಟೆಗೂ ಹೋಗದೆ ಬೇರನ್ನು ತಲುಪಬೇಕು. ಹಿಂದಿನ ಕಾಲದ ವರ್ತಕರು ಊರಿಂದೂರಿಗೆ ನಾಣ್ಯದ ಚೀಲ ಹೊರಿಸದೆ ಹುಂಡಿ ಬರೆದು ಕಳಿಸುತ್ತಿದ್ದರಲ್ಲ, ಹಾಗೆ ಗಿಡ ತನ್ನ ಹಣವನ್ನು ಸುಕ್ರೋಸಿನ ಹುಂಡಿ ಮಾಡಿ ಕಳಿಸುತ್ತದೆ. ತಲುಪಿದ ಮೇಲೆ ಅಲ್ಲಿನವರು ಮುರಿಸಿಕೊಳ್ಳುತ್ತಾರೆ. ಕಬ್ಬು ಒಂದು ಹೆಜ್ಜೆ ಮುಂದೆ ಹೋಗಿ, ಬಂದ ಹುಂಡಿಗಳನ್ನು ಮುರಿಸದೆಯೇ ತನ್ನ ಜಲ್ಲೆಯ ಕೋಶಕೋಶದಲ್ಲೂ ಚೀಲ ಕಟ್ಟಿ ಇಟ್ಟುಕೊಳ್ಳುತ್ತದೆ. ದ್ರಾಕ್ಷಿಯಂಥ ಹಣ್ಣುಗಳಲ್ಲಿ ಬಿಡಿ ಗ್ಲೂಕೋಸೂ ಹೇರಳವಾಗಿರುವುದುಂಟು. ಅದಕ್ಕೆ ದ್ರಾಕ್ಷಿಸಕ್ಕರೆ ಎಂಬ ಹೆಸರೇ ಇದೆ. ಆದರೆ ಅಲ್ಲಿಯೂ ಅದು ಕೋಶದೊಳಗಿನ ಚೀಲದಲ್ಲಿ ಪ್ರತ್ಯೇಕವಾಗಿರುತ್ತದೆ. ಅಲ್ಲದೆ ಹಣ್ಣು ಗಿಡ ತನಗಾಗಿ ಇಟ್ಟುಕೊಂಡ ಆಸ್ತಿಯಲ್ಲ, ಹಕ್ಕಿಗಳಿಗೆ ದಾನ ಕೊಡಲು ತೆಗೆದಿಟ್ಟದ್ದು.

ಪ್ರಾಣಿಯ ಪಾಡು ಬೇರೆ. ಅದು ಓಡಬೇಕು, ಬೆದರಬೇಕು, ಬೇಟೆಯಾಡಬೇಕು, ಇಲ್ಲವೇ ಬೇಟೆಗಾರನಿಂದ ತಪ್ಪಿಸಿಕೊಳ್ಳಬೇಕು. ಹುಂಡಿ ಮುರಿಸುತ್ತ ಕೂತರೆ ಹುಲಿ ಕಾಯುವುದಿಲ್ಲ. ಅದಕ್ಕೆ ಬೇಕಾದದ್ದು ಜೇಬಿನಲ್ಲಿ ಚಿಲ್ಲರೆ. ರಕ್ತದ ಗ್ಲೂಕೋಸ್ ಆ ಚಿಲ್ಲರೆ. ನಮ್ಮ ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಮು ಗ್ಲೂಕೋಸನ್ನು ಬೇಡುತ್ತದೆ, ನಾವು ಅದರಿಂದ ಕೆಲಸ ತೆಗೆದರೂ ಸರಿ, ತೆಗೆಯದಿದ್ದರೂ ಸರಿ. ಐದು ಗ್ರಾಮಿನ ಗಲ್ಲಾಪೆಟ್ಟಿಗೆಯಿಂದ ಇಷ್ಟು ಖರ್ಚು ನಡೆಯಬೇಕಾದರೆ ಒಂದು ಕಡೆಯಿಂದ ಹಣ ಬೀಳುತ್ತಿರಬೇಕು, ಇನ್ನೊಂದು ಕಡೆಯಿಂದ ಹೋಗುತ್ತಿರಬೇಕು. ನಾವು ತಿಂದ ಸಕ್ಕರೆಯನ್ನು ಕರುಳಿನ ಗೋಡೆ ಇಬ್ಭಾಗ ಮಾಡಿಯೇ ಒಳಕ್ಕೆ ಬಿಡುತ್ತದೆ. ಇಡಿಯ ಸುಕ್ರೋಸನ್ನೇ ರಕ್ತನಾಳಕ್ಕೆ ಹಾಕಿದರೆ ಅದನ್ನು ಬಳಸುವ ಉಪಾಯ ದೇಹಕ್ಕೆ ಗೊತ್ತಿಲ್ಲ. ಮೂತ್ರದಲ್ಲಿ ಹಾಗೆಯೇ ಹೊರಗೆ ಕಳಿಸಿಬಿಡುತ್ತದೆ. ಗಿಡದ ಸಕ್ಕರೆಗೆ ನಮ್ಮ ರಕ್ತದಲ್ಲಿ ಪೌರತ್ವವಿಲ್ಲ.

ಆದರೆ ಚಿಲ್ಲರೆಯ ಅನುಕೂಲಕ್ಕೆ ನಾವು ತೆರುವ ಬೆಲೆ ಆ ಅಂಟುಗೈ. ಸರಳ ಸಕ್ಕರೆಗಳ ಪೈಕಿ ಉಂಗುರ ಬಿಚ್ಚುವುದರಲ್ಲಿ ಗ್ಲೂಕೋಸೇ ಅತ್ಯಂತ ಸಂಕೋಚದ ಪ್ರಾಣಿ ಎಂಬುದು ನಿಜ. ಆದರೂ ಸಂತೆ ತುಂಬಿದರೆ ಸಾಧುವಿನ ಕೈಯೂ ಇನ್ನೊಬ್ಬರ ಮೈಗೆ ತಗಲುತ್ತದೆ. ರಕ್ತದಲ್ಲಿ ಗ್ಲೂಕೋಸ್ ಹೆಚ್ಚಾಗಿ, ಹೆಚ್ಚು ಕಾಲ ನಿಂತರೆ ಅದು ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟತೊಡಗುತ್ತದೆ. ಕೆಂಪುಕಣದ ಹಿಮೋಗ್ಲೋಬಿನ್ನಿಗೆ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಆದ್ದರಿಂದಲೇ ವೈದ್ಯರು 'ಎಚ್‌ಬಿಎ1ಸಿ' ಎಂಬ ಪರೀಕ್ಷೆ ಮಾಡಿ ನಮ್ಮ ಎರಡು ಮೂರು ತಿಂಗಳ ಕಥೆಯನ್ನು ಓದಿಬಿಡುತ್ತಾರೆ. ಪರೀಕ್ಷೆಯ ಹಿಂದಿನ ಎರಡು ದಿನ ಉಪವಾಸ ಮಾಡಿ ಒಳ್ಳೆಯವರಾಗುವ ನಮ್ಮ ವಿದ್ಯಾರ್ಥಿಗಳ ಉಪಾಯ ಇಲ್ಲಿ ಸಾಗದು. ಕಣ್ಣಿನ, ಮೂತ್ರಪಿಂಡದ ಸಣ್ಣ ನಾಳಗಳಲ್ಲಿ, ಕಾಲಿನ ನರಗಳಲ್ಲಿ ವರ್ಷಗಟ್ಟಲೆ ನಡೆಯುವ ಕೆಡುಕಿನಲ್ಲಿ ಈ ಅಂಟಿಗೂ ಒಂದು ಪಾತ್ರವಿದೆ. ಅಪ್ಪನ ಪಾದಕ್ಕೆ ಕೂಳೆ ಚುಚ್ಚಿದ್ದು ತಿಳಿಯದೆ ಹೋದದ್ದು ಅಂಥ ಕೆಡುಕಿನಿಂದಲೇ.

ಹಾಗಾದರೆ ಪ್ರಾಣಿಗಳಲ್ಲಿ ಯಾರೂ ಕೈಕಟ್ಟಿದ ಸಕ್ಕರೆಯನ್ನು ಬಳಸುವುದಿಲ್ಲವೇ? ಬಳಸುತ್ತವೆ, ಕೀಟಗಳು. ನಮ್ಮ ರಾಮನಗರದ ಮಾರುಕಟ್ಟೆಗೆ ಬುಟ್ಟಿಗಟ್ಟಲೆ ಗೂಡು ಕಟ್ಟಿಕೊಡುವ ರೇಷ್ಮೆಹುಳುವಿನ ಮೈಯಲ್ಲಿ ಹರಿಯುವ ಮುಖ್ಯ ಸಕ್ಕರೆ ಟ್ರೆಹಲೋಸ್. ಅದರಲ್ಲಿ ಎರಡು ಗ್ಲೂಕೋಸುಗಳೇ ಪರಸ್ಪರ ಕೈಹಿಡಿದು ನಿಂತಿವೆ. ಗಿಡದ್ದು ದ್ವಂದ್ವವಾದರೆ ಇದು 'ಬೇಗ ಬೇಗ', 'ಮನೆಮನೆ' ಎಂಬಂತೆ ದ್ವಿರುಕ್ತಿ. ಈ ಉಪಾಯದಿಂದ ಹುಳು ತನ್ನ ಮೈಯ ರಸದಲ್ಲಿ ನಮಗಿಂತ ಹಲವು ಪಟ್ಟು ಸಕ್ಕರೆಯನ್ನು ಇಟ್ಟುಕೊಂಡು ನಿಶ್ಚಿಂತವಾಗಿರುತ್ತದೆ. ಜೇನ್ನೊಣದ ದಾರಿ ತುಸು ಬೇರೆ. ಹೂವಿನ ಮಕರಂದದಲ್ಲಿ ಬರುವ ಸುಕ್ರೋಸನ್ನು ಅದು ಮುರಿದು ಗ್ಲೂಕೋಸ್ ಫ್ರಕ್ಟೋಸುಗಳನ್ನಾಗಿ ಮಾಡಿ ಗೂಡಿನಲ್ಲಿ ತುಂಬುತ್ತದೆ, ಅದು ಜೇನುತುಪ್ಪ. ಅದರ ಮೈಯೊಳಗೆ ಟ್ರೆಹಲೋಸಿನ ಜೊತೆಗೆ ಬಿಡಿ ಗ್ಲೂಕೋಸ್ ಫ್ರಕ್ಟೋಸುಗಳೂ ಹರಿಯುತ್ತವೆ.  ಬೆನ್ನೆಲುಬುಳ್ಳ ನಾವು ಮಾತ್ರ ಬಿಡಿ ಗ್ಲೂಕೋಸಿಗೇ ಗಂಟುಬಿದ್ದೆವು.

ಇನ್ನು ಕೂಡಿಡುವ ಮಾತು. ಬಿಡಿ ಸಕ್ಕರೆಯನ್ನು ಕೋಶದಲ್ಲಿ ರಾಶಿ ಹಾಕುವಂತಿಲ್ಲ. ಅದು ನೀರನ್ನು ಸೆಳೆಯುತ್ತದೆ. ಹೆಚ್ಚಿದ ಬಾಳೆಹಣ್ಣಿಗೆ ಸಕ್ಕರೆ ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ರಸಾಯನ ನೀರುನೀರಾಗುವುದನ್ನು ಕಾಣದ ಮನೆಯುಂಟೇ? ಶುಗರಿನವರಿಗೆ ಬಾಯಾರಿಕೆ, ಮೂತ್ರ ಹೆಚ್ಚುವುದೂ ಇದರಿಂದಲೇ. ರಕ್ತದಲ್ಲಿ 180ರ ಸುಮಾರನ್ನು ದಾಟಿದ ಗ್ಲೂಕೋಸ್ ಮೂತ್ರಕ್ಕೆ ಇಳಿದು ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡೇ ನಮ್ಮ ಪ್ರಾಚೀನ ವೈದ್ಯರು ಮಧುಮೇಹವನ್ನು ಗುರುತಿಸಿದರು. ಈ ತೊಡಕಿಗೆ ಗಿಡವೂ ಪ್ರಾಣಿಯೂ ಕಂಡುಕೊಂಡ ಪರಿಹಾರ ಒಂದೇ: ಬಿಡಿ ಗ್ಲೂಕೋಸುಗಳನ್ನು ಕೋದು ಸರ ಮಾಡುವುದು. ಮಕ್ಕಳು ಚುಕುಬುಕು ರೈಲಿನ ಆಟವಾಡುವಾಗ ಒಬ್ಬನ ಅಂಗಿಯನ್ನು ಹಿಂದಿನವನು ಹಿಡಿಯುತ್ತಾನೆ. ಎಲ್ಲರಿಗಿಂತ ಮುಂದಿರುವವನ ಕೈ ಮಾತ್ರ ಖಾಲಿ. ಸಾವಿರಾರು ಗ್ಲೂಕೋಸುಗಳ ರೈಲಿನಲ್ಲಿ ಅಂಟುಗೈ ಒಂದೇ ಒಂದು. ನೀರನ್ನು ಸೆಳೆಯುವ ಚಪಲವೂ ಹೋಯಿತು. ಗಿಡದಲ್ಲಿ ಈ ರೈಲಿನ ಹೆಸರು ಪಿಷ್ಟ. ರಾಗಿ, ಅಕ್ಕಿ, ಗೆಣಸು, ಆಲೂಗೆಡ್ಡೆ ಎಲ್ಲವೂ ಅದರ ನಿಲ್ದಾಣಗಳು. ಬಾಳೆಕಾಯಿಯ ಪಿಷ್ಟ ಕಳಚಿ ಸಕ್ಕರೆಯಾದರೆ ಬಾಳೆಹಣ್ಣು. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯಾಗುವುದು ಎಂಜಲು ಆ ಕೊಂಡಿಗಳನ್ನು ಕಳಚುವುದರಿಂದ. ನಮ್ಮ ಮಂಡ್ಯದವರಿಗೆ ಮುದ್ದೆಯಲ್ಲಿ ಈ ಸುಖವಿಲ್ಲ. ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದೆಂಬುದು ಅಲ್ಲಿನ ಶಿಷ್ಟಾಚಾರ.

ಪ್ರಾಣಿಯ ರೈಲಿಗೆ ಗ್ಲೈಕೋಜೆನ್ ಎಂದು ಹೆಸರು. ಅದು ಪಿಷ್ಟದಂಥದೇ, ಆದರೆ ಕವಲುಗಳು ಬಹಳ. ಹತ್ತು ಹನ್ನೆರಡು ಡಬ್ಬಿಗೊಂದು ಕವಲು. ಡಬ್ಬಿಗಳನ್ನು ಬಿಚ್ಚುವುದು ಬಾಲದ ಕಡೆಯಿಂದಾದ್ದರಿಂದ, ಬಾಲಗಳು ಹೆಚ್ಚಿದ್ದಷ್ಟೂ ಒಂದೇ ಕ್ಷಣದಲ್ಲಿ ಹೆಚ್ಚು ಗ್ಲೂಕೋಸ್ ಕೈಗೆ ಬರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ನಮ್ಮ ಕಾಲಿಗೆ ಬರುವ ಕಸುವು ಆ ಕವಲುಗಳದು. ಗಿಡಕ್ಕೆ ಇಂಥ ಅವಸರವಿಲ್ಲ. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಮು, ಸ್ನಾಯುಗಳಲ್ಲಿ 400 ಗ್ರಾಮು ಗ್ಲೈಕೋಜೆನ್ ಇದ್ದರೆ ಅಷ್ಟೇ ನಮ್ಮ ಉಗ್ರಾಣ. ಉಳಿದದ್ದು ಕೊಬ್ಬಾಗುತ್ತದೆ.

ಇದನ್ನು ಕಂಡುಹಿಡಿದ ಕಥೆ ಸೊಗಸಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ವಿದ್ವಾಂಸರು ನಂಬಿದ್ದುದು, ಸಕ್ಕರೆಯನ್ನು ಮಾಡುವುದು ಗಿಡದ ಕೆಲಸ, ಅದನ್ನು ಸುಟ್ಟು ಕರಗಿಸುವುದಷ್ಟೇ ಪ್ರಾಣಿಯ ಕೆಲಸ ಎಂದು. ಪ್ಯಾರಿಸಿನ ಕ್ಲಾಡ್ ಬರ್ನಾರ್ಡ್ ಬರಿಯ ಮಾಂಸ ತಿಂದ ನಾಯಿಯ ಯಕೃತ್ತಿನಿಂದ ಹೊರಬೀಳುವ ರಕ್ತದಲ್ಲಿಯೂ ಸಕ್ಕರೆಯನ್ನು ಕಂಡ. ತಿನ್ನದ ಸಕ್ಕರೆ ಎಲ್ಲಿಂದ ಬಂತು? 1855ರಲ್ಲಿ ಅವನು ಸತ್ತ ನಾಯಿಯ ಯಕೃತ್ತಿನ ನಾಳಗಳಲ್ಲಿ ನೀರು ಹರಿಸಿ, ಸಕ್ಕರೆಯ ಸುಳಿವೇ ಇಲ್ಲದಂತೆ ತೊಳೆದಿಟ್ಟ. ಮರುದಿನ ನೋಡಿದರೆ ತೊಳೆದ ಯಕೃತ್ತಿನಲ್ಲಿ ಮತ್ತೆ ಧಾರಾಳವಾಗಿ ಸಕ್ಕರೆ! ಒಳಗೆಲ್ಲೋ ಉಗ್ರಾಣವಿರಬೇಕೆಂದು ಹುಡುಕಿ 1857ರಲ್ಲಿ ಗ್ಲೈಕೋಜೆನ್ನನ್ನು ಬೇರ್ಪಡಿಸಿದ. ಪ್ರಾಣಿಯೂ ಸಕ್ಕರೆ ಮಾಡಬಲ್ಲದು ಎಂಬುದು ಅಂದಿನಿಂದ ನಿಂತಿತು. ಶುಗರಿನವರು ಸಕ್ಕರೆಯನ್ನು ಸಂಪೂರ್ಣ ಬಿಟ್ಟರೂ ಬೆಳಗಿನ ಲೆಕ್ಕ ಏಕೆ ಏರುತ್ತದೆ ಎಂದು ಕೊರಗುತ್ತಾರಲ್ಲ, ಅವರಿಗೆ ಬರ್ನಾರ್ಡನ ನಾಯಿ ಉತ್ತರ ಹೇಳುತ್ತದೆ. ಡಬ್ಬಕ್ಕೆ ಬೀಗ ಹಾಕಬಹುದು; ಯಕೃತ್ತಿಗೆ ಹಾಕಲಾಗದು.

ಗಿಡಕ್ಕೆ ಇನ್ನೊಂದು ವಿದ್ಯೆ ಉಂಟು. ಅದೇ ಗ್ಲೂಕೋಸುಗಳನ್ನು ಒಂದು ನೆಟ್ಟಗೆ, ಒಂದು ತಲೆಕೆಳಗೆ ಎಂಬಂತೆ ಕೋದರೆ ಸುರುಳಿಯಾಗುವ ಪಿಷ್ಟದ ಬದಲು ನೇರವಾದ ನಾರು ಬರುತ್ತದೆ. ಅದು ಸೆಲ್ಯುಲೋಸ್. ಅಕ್ಷರ ಅದೇ, ಸಂಧಿಕಾರ್ಯ ಬೇರೆ. ಅರ್ಥ ಎಲ್ಲಿಂದೆಲ್ಲಿಗೋ ಹೋಯಿತು. ಒಂದು ಊಟವಾದರೆ ಇನ್ನೊಂದು ಮನೆಯ ತೊಲೆ. ಹತ್ತಿಯ ಪಂಚೆ, ಕಬ್ಬಿನ ಸಿಪ್ಪೆ, ಪುಸ್ತಕದ ಹಾಳೆ, ಎಲ್ಲವೂ ಸೆಲ್ಯುಲೋಸ್, ಎಂದರೆ ಗ್ಲೂಕೋಸ್. ಆ ಕೊಂಡಿಯನ್ನು ಕಳಚುವ ಕತ್ತರಿ ನಮ್ಮ ಹೊಟ್ಟೆಯಲ್ಲಿಲ್ಲ. ಗೆದ್ದಲಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ. ನನ್ನ ಕಪಾಟಿನ ಹಳಗನ್ನಡ ಕಾವ್ಯಗಳ ಸವಿಯನ್ನು ಪೂರ್ಣವಾಗಿ ಅನುಭವಿಸಿದವು ಗೆದ್ದಲುಗಳೇ ಹೊರತು ವಿದ್ಯಾರ್ಥಿಗಳಲ್ಲ. ಹಸುವಿನ ಹೊಟ್ಟೆಯಲ್ಲಿಯೂ ಸೂಕ್ಷ್ಮಜೀವಿಗಳು ಹುಲ್ಲನ್ನು ಕಳಚುತ್ತವೆ. ಆದರೆ ಸಿಕ್ಕಿದ ಸಕ್ಕರೆಯನ್ನು ಅವು ತಾವೇ ತಿಂದು, ಹುಳಿಯಂಥ ಆಮ್ಲಗಳನ್ನಷ್ಟೇ ಹಸುವಿಗೆ ಬಿಡುತ್ತವೆ. ಪಾಪದ ಹಸು ಅದರಿಂದಲೇ ಯಕೃತ್ತಿನಲ್ಲಿ ಗ್ಲೂಕೋಸ್ ಮಾಡಿಕೊಂಡು, ಅದನ್ನು ಕೆಚ್ಚಲಿಗೆ ಕಳಿಸಿ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಕಟ್ಟಿ ಕರುವಿಗೆ ಕೊಡುತ್ತದೆ. ಹಸುವಿನ ಹಾಲಿನಲ್ಲಿ ಅದು ನೂರಕ್ಕೆ ಐದು ಪಾಲಿನ ಹತ್ತಿರ, ತಾಯಿಯ ಹಾಲಿನಲ್ಲಿ ಏಳರ ಹತ್ತಿರ. ಪ್ರಾಣಿವರ್ಗ ಇಷ್ಟು ಸಿಹಿಯನ್ನು ಒಂದೆಡೆ ಕೂಡಿಸುವುದು ಅಪರೂಪ. ಅದೂ ತನಗಲ್ಲ, ಮರಿಗೆ.

ಇಷ್ಟನ್ನೂ ನಾನು ಅಪ್ಪನಿಗೆ ಹೇಳಲಿಲ್ಲ. ಕೈಹಿಡಿದ ಜೋಡಿಯ ಮಾತನ್ನು ಮಾತ್ರ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, "ಅಂಗಾರೆ ಕಡ್ದು ನಾಕ್ ದಿನ ಬಿಟ್ಟ ಕಬ್ಬಾಗೈತೆ ಅನ್ನು ನನ್ ಮೈ" ಎಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಮೈ ಜುಮ್ಮೆಂದಿತು. ಏಕೆಂದರೆ ಆಲೆಮನೆಯನ್ನು ಬಲ್ಲವರಿಗೆ ಗೊತ್ತು: ಕಡಿದ ಕಬ್ಬನ್ನು ಬೇಗ ಅರೆಯಬೇಕು. ಬಿಸಿಲಿನಲ್ಲಿ ನಾಲ್ಕು ದಿನ ಬಿದ್ದಿತೋ, ಹಾಲು ಹುಳಿಗೆ ತಿರುಗುತ್ತದೆ. ಎಷ್ಟು ಕಾಯಿಸಿದರೂ ಪಾಕ ಹದಕ್ಕೆ ಬರುವುದಿಲ್ಲ. ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಂಟಾಗುತ್ತದೆ. ಒಳಗಿನ ಸುಕ್ರೋಸ್ ಕೈಬಿಟ್ಟು ಗ್ಲೂಕೋಸ್ ಫ್ರಕ್ಟೋಸುಗಳಾಗಿ ಒಡೆದುಹೋಗುವುದೇ ಕಾರಣ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುವುದೂ ಹುಳಿಯನ್ನು ಅಡಗಿಸಿ ಆ ಜೋಡಿಯನ್ನು ಕಾಪಾಡುವುದಕ್ಕೆ. ಶಾಸ್ತ್ರದ ಕಣ್ಣಿನಲ್ಲಿ ಅಪ್ಪನ ಉಪಮೆ ಪೂರ್ತಿ ಕೂಡದು. ಮನುಷ್ಯನ ಗ್ಲೂಕೋಸ್ ಹುಟ್ಟಾ ಒಂಟಿ, ಅದು ಯಾರ ಕೈಯನ್ನೂ ಬಿಟ್ಟದ್ದಲ್ಲ. ಆದರೂ ಬೆಲ್ಲದ ಅಂಟಿಗೂ ತನ್ನ ಬೆರಳಿಗೂ ನಡುವೆ ಅವರು ಕಂಡ ನಂಟು ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಕಳೆದ ವರ್ಷ ನನ್ನ ಸರದಿ ಬಂತು. ನಲವತ್ತಾರನೆಯ ವಯಸ್ಸಿಗೆ ಮೂರು ತಿಂಗಳ ಕಥೆಯ ಪರೀಕ್ಷೆ 6.8 ಎಂದಿತು, 6.5ರಿಂದಾಚೆಗೆ ಕಾಯಿಲೆ ಎಂದು ಎಣಿಕೆ. ವಂಶದಿಂದ ಬಂದದ್ದು ಎಷ್ಟೋ, ಕುರ್ಚಿಯಿಂದ ಬಂದದ್ದು ಎಷ್ಟೋ. "ಮೇಷ್ಟ್ರೇ, ನಿಮ್ಮ ಮೈಯಲ್ಲಿ ಸಕ್ಕರೆಗೆ ಬರವಿಲ್ಲ, ಬಾಗಿಲು ತೆರೆಯುವವರಿಲ್ಲ" ಎಂದರು ವೈದ್ಯರು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಬೇರ್ಪಡಿಸಿದ ಇನ್ಸುಲಿನ್ ಎಂಬ ರಸವೇ ಆ ಬಾಗಿಲು ಕಾಯುವವನು. ಅವನು ತೂಕಡಿಸಿದರೆ, ಅಥವಾ ಅವನ ಮಾತನ್ನು ಮನೆಯವರು ಕೇಳದಾದರೆ, ಗ್ಲೂಕೋಸ್ ಬೀದಿಯಲ್ಲೇ ನಿಲ್ಲುತ್ತದೆ. ರಕ್ತದ ತುಂಬ ಸಿಹಿ, ಸ್ನಾಯುವಿಗೆ ಹಸಿವು; ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿ ಒಪ್ಪೀತು? ಕೊಬ್ಬಾಗಿ ಕೂತದ್ದನ್ನಾದರೂ ಮತ್ತೆ ಸಕ್ಕರೆ ಮಾಡಿ ಖರ್ಚು ಮಾಡೋಣವೆಂದರೆ ಅದೂ ಬಹುಮಟ್ಟಿಗೆ ಆಗದ ಮಾತು. ಮೊಳಕೆಯೊಡೆಯುವ ಹರಳುಬೀಜ ತನ್ನ ಎಣ್ಣೆಯನ್ನು ಸಕ್ಕರೆಯಾಗಿಸಿ ಸಸಿಗೆ ಉಣಿಸುತ್ತದೆ. ನಮಗೆ ಸಕ್ಕರೆಯನ್ನು ಬೊಜ್ಜು ಮಾಡುವುದು ಗೊತ್ತು. ಬೊಜ್ಜನ್ನು ಸಕ್ಕರೆ ಮಾಡುವುದು ಗೊತ್ತಿಲ್ಲ.

ಒಂದು ಸಮಾಧಾನವಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆ ತಾನೇ ಬಾಗಿಲು ತೆರೆದು ಗ್ಲೂಕೋಸನ್ನು ಒಳಕ್ಕೆ ಕರೆದುಕೊಳ್ಳುತ್ತದೆ. ಔಷಧಿಯ ಜೊತೆಗೆ ನಡೆಯಿರಿ ಎಂದು ವೈದ್ಯರು ಹೇಳುವುದು ಇದಕ್ಕೇ. ಅದನ್ನು ಕೇಳಿದ ಮೇಲೆ ಗಿಡಕ್ಕೂ ನಮಗೂ ಇರುವ ಅಂತರ ನನಗೆ ಹೊಸದಾಗಿ ಕಂಡಿತು. ಗಿಡಕ್ಕೆ ಕಾಲಿಲ್ಲ, ನಿಂತಲ್ಲೇ ನಿಂತು ಬಾಳಬೇಕಾದವರು ಕೂಡಿಡಬೇಕು, ಕೂಡಿಟ್ಟದ್ದನ್ನು ಕೈಕಟ್ಟಿ ಇಡಬೇಕು. ಕಾಲು ಕೊಟ್ಟ ಪ್ರಾಣಿಗೆ ಪ್ರಕೃತಿ ಕೊಟ್ಟದ್ದು ಒಂದು ಚಮಚ ಚಿಲ್ಲರೆ, ಅದೂ ಖರ್ಚಿಗೆ. ನಾವು ಗಿಡದ ಸಿಹಿಯನ್ನು ರಾಶಿರಾಶಿಯಾಗಿ ಹಿಂಡಿ ಡಬ್ಬಕ್ಕೆ ತುಂಬಿ, ಗಿಡದಂತೆಯೇ ಒಂದೆಡೆ ಕೂತು ತಿನ್ನುವ ಕಾಲದಲ್ಲಿದ್ದೇವೆ.

ರಜೆಯಲ್ಲಿ ಊರಿಗೆ ಹೋದಾಗ ಅಪ್ಪನೂ ನಾನೂ ಬೆಳಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುತ್ತೇವೆ. ಅವರು ಮೆತ್ತನೆಯ ಪಾದರಕ್ಷೆ ಹಾಕಿಕೊಂಡು ಒಂಬತ್ತು ಬೆರಳುಗಳ ಮೇಲೆ ಮುಂದೆ; ನಾನು ಹಿಂದೆ. ಎರಡು ಕಡೆಯೂ ಆಳೆತ್ತರಕ್ಕೆ ಕಬ್ಬು. ಆ ಸೀಮೆಯ ಸಕ್ಕರೆಯೆಲ್ಲ ಹಸುರಾಗಿ, ಅಲುಗದೆ, ಇಬ್ಬರು ಶುಗರಿನವರು ಹೋಗುವುದನ್ನು ನೋಡುತ್ತ ನಿಂತಿರುತ್ತದೆ. ನಾನು ಯಾವುದೋ ಜಲ್ಲೆಯ ಗಿಣ್ಣನ್ನು ಮುಟ್ಟಿ ನೋಡುತ್ತ ನಿಂತರೆ ಅಪ್ಪ ಹಿಂತಿರುಗದೆಯೇ ಹೇಳುತ್ತಾರೆ: "ನಿಂತ್ಕೋಬ್ಯಾಡ ಕಣಪ್ಪಾ, ನಡಿ. ಬಿಸ್ಲು ಏರ್ತದೆ."